ಸಾಲಿಗೂ ಒಂದು ರೇಟು

ಶಾಲಾ ಪ್ರವಾಸದ ಸೀಸನ್ ಬಂತು. ಹಾಸನದಿಂದ ಕೋಳಿ ಕೂಗುವ ಮೊದಲೇ ಹೊರಟ ಬಸ್ಸುಗಳು ಚನ್ನರಾಯಪಟ್ಟಣ, ಕುಣಿಗಲ್ ದಾಟಿ ಬೆಂಗಳೂರು ಕಡೆಯ ಅಮ್ಯೂಸ್‌ಮೆಂಟ್ ಪಾರ್ಕುಗಳ ಗೇಟು ಮುಟ್ಟುತ್ತವೆ. ಮಕ್ಕಳು ಸಂಜೆಯೊಳಗೆ ಹತ್ತುವುದು ನಾಲ್ಕೋ ಐದೋ ರೈಡು. ಮಿಕ್ಕ ಹೊತ್ತೆಲ್ಲ ಸಾಲಿಗೆ ಸಮರ್ಪಣೆ. 'ರಶ್ಶು ಜಾಸ್ತಿ ಸಾರ್' ಎಂದು ಮೇಷ್ಟ್ರು ಸಮಾಧಾನ ಹೇಳುತ್ತಾರೆ. ತಪ್ಪು ಮೇಷ್ಟ್ರೇ, ಮ್ಯಾನೇಜ್‌ಮೆಂಟಿನ ಪ್ರತಿಭೆಗೆ ಹೀಗೆ ಅವಮಾನ ಮಾಡಬಾರದು. ಸಾಲು ತಾನಾಗಿ ಬೆಳೆಯುವುದಿಲ್ಲ, ಬೆಳೆಸಬೇಕು.

ಒಂದು ರೋಲರ್ ಕೋಸ್ಟರ್‌ಗೆ ಎರಡು ರೈಲು, ಒಂದೊಂದರಲ್ಲಿ 24 ಸೀಟು ಎಂದಿಟ್ಟುಕೊಳ್ಳಿ. ಎರಡೂ ಓಡಿ, 2 ನಿಮಿಷಕ್ಕೊಂದು ಹೊರಟರೆ ಗಂಟೆಗೆ 720 ಜನ. ಆದರೆ ಎರಡನೇ ರೈಲು ಹೊರಬರಬೇಕೆಂದರೆ ಬೆಳಗ್ಗೆ ಅದರ ಚಕ್ರ, ಸೀಟಿನ ಲಾಕು ಎಲ್ಲ ಪರೀಕ್ಷೆಯಾಗಬೇಕು. ಲಾಕು ಎಳೆದು ನೋಡುವುದಕ್ಕೆ ಪ್ಲಾಟ್‌ಫಾರ್ಮಿನ ಮೇಲೆ ಇನ್ನಿಬ್ಬರು ಹುಡುಗರು ಬೇಕು. 'ವಾರದ ದಿನ ತಾನೇ, ಜನ ಎಲ್ಲಿ ಬರ್ತಾರೆ' ಎಂದು ಅದನ್ನು ಶೆಡ್ಡಿನಲ್ಲೇ ಮಲಗಿಸುತ್ತಾರೆ. ಶಾಲೆಯವರು ಬರುವುದೇ ವಾರದ ದಿನ, ಅದೂ ಇವರೇ ಕೊಟ್ಟ ಡಿಸ್ಕೌಂಟಿನಲ್ಲಿ ತಿಂಗಳ ಮೊದಲೇ ಬುಕ್ ಮಾಡಿಕೊಂಡು! ಆಳೂ ಕಮ್ಮಿ, ಹಾಗಾಗಿ ಒಂದೇ ರೈಲು ಹೋಗಿ, ಬಂದು, ಇಳಿಸಿ, ಹತ್ತಿಸಿಕೊಳ್ಳಲು 5 ನಿಮಿಷ. ಗಂಟೆಗೆ 288. ಸಾಲಿನಿಂದ ಇಬ್ಬರನ್ನೋ ಒಬ್ಬರನ್ನೋ ಕರೆದು ಖಾಲಿ ಸೀಟು ತುಂಬಿಸುವವನೂ ಇಲ್ಲದಿದ್ದರೆ ಅದೂ ಇಲ್ಲ.

ಇಷ್ಟು ಹದ ಮಾಡಿದ ಮೇಲೆ, ಹೆಚ್ಚು ದುಡ್ಡು ಕೊಟ್ಟವರನ್ನು ಸಾಲು ತಪ್ಪಿಸಿ ಮುಂದೆ ಬಿಡುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಮಾರಾಟ. ಅದರಿಂದ ಒಂದು ಸೀಟೂ ಹೊಸದಾಗಿ ಹುಟ್ಟುವುದಿಲ್ಲ. ಅರ್ಧ ಸೀಟು ಆ ಟಿಕೆಟಿನವರಿಗೆ ಹೋದರೆ ಸಾದಾ ಸಾಲಿಗೆ ಉಳಿಯುವುದು 144. ಮುಂದೆ 300 ಜನ ಇದ್ದರೆ ಎರಡು ಗಂಟೆ ದಾಟಿತು. ಎರಡೂ ರೈಲು ಬಿಟ್ಟು, ಈ ಟಿಕೆಟ್ ಇಲ್ಲದಿದ್ದರೆ ಅದೇ 300 ಜನಕ್ಕೆ 25 ನಿಮಿಷ. ಇಪ್ಪತ್ತೈದು ನಿಮಿಷದ ಸಾಲಿಂದ ಪಾರಾಗಲು ಯಾವನೂ ಐನೂರು ಬಿಚ್ಚುವುದಿಲ್ಲ ನೋಡಿ. ಆದ್ದರಿಂದ ಸಾಲು ಕರಗದಂತೆ ಕಾಪಾಡುವುದೇ ಧಂದೆಯ ಧರ್ಮ.

ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಪುಕ್ಕಟೆ, ಚೀಟಿಯಲ್ಲಿದ್ದ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಫ್ಲಾರಿಡಾದ ಪಾರ್ಕುಗಳಲ್ಲಿ ಅದರ ಜಾಗಕ್ಕೆ ದುಡ್ಡಿನ ಸಾಲು ಬಂತು. ಹಾಸನದವರಿಗೆ ಇದನ್ನೆಲ್ಲ ಅಮೆರಿಕದಿಂದ ಕಲಿಯುವ ಕರ್ಮವಿಲ್ಲ. ಹಾಸನಾಂಬೆಯ ಬಾಗಿಲು ತೆರೆದರೆ ಧರ್ಮದರ್ಶನದ ಸಾಲು, 300ರ ಸಾಲು, 1000ದ ಸಾಲು, ಇವುಗಳ ನೆತ್ತಿಯ ಮೇಲೆ ಶಿಷ್ಟಾಚಾರದವರು, ಶಿಷ್ಟಾಚಾರದವರ ಭಾವಮೈದುನರು. ಸಾಲು ಎಷ್ಟಾದರೂ ಗರ್ಭಗುಡಿಯ ಬಾಗಿಲು ಒಂದೇ. ಸಾವಿರ ಕೊಟ್ಟವರೂ ಬ್ಯಾರಿಕೇಡಿಗೆ ಒರಗಿ ಅಧಿಕಾರಿಗಳಿಗೆ ಮಂಗಳಾರತಿ ಎತ್ತಿದ್ದು ಊರಿಗೇ ಗೊತ್ತು. ಪಾರ್ಕಿನವರು ಇಲ್ಲಿಗೇ ಟ್ರೈನಿಂಗಿಗೆ ಬರಬಹುದು.

ಚಿತ್ರಾನ್ನದ ಡಬ್ಬಿಯನ್ನು ಗೇಟಿನಲ್ಲೇ ಇಡಿಸಿಕೊಂಡು ಒಳಗೆ ಅದಕ್ಕೆ ಮೂರರಷ್ಟು ದುಡ್ಡು ಕೀಳುವುದು, ಲಾಕರ್ ಬಾಡಿಗೆ, ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ಕುಣಿಸುವುದು, ಇವೆಲ್ಲ ಚಿಲ್ಲರೆ ಕಲೆಗಳು, ಬಿಡಿ.

ಆದರೆ ಆ ಎತ್ತರ ಅಳೆಯುವ ಕಂಬ. 140 ಸೆಂಟಿಮೀಟರ್ ಇಲ್ಲದ ಮಗುವನ್ನು ಹತ್ತಿಸಬಾರದು, ಸರಿ. ಲಾಕು ಮೈಗೆ ಕೂರುವುದಿಲ್ಲ, ಜಾರಿದರೆ ಜೀವ ಹೋಗುತ್ತದೆ. ಈ ನಿಯಮದ ಬಗ್ಗೆ ತಕರಾರಿಲ್ಲ. ಕಂಬವನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದ್ದು ಯಾಕೆ? ಎರಡು ಗಂಟೆ ನಿಂತು, ಉಚ್ಚೆ ಕಟ್ಟಿಕೊಂಡು, ಮೆಟ್ಟಿಲು ಹತ್ತಿ ಬಂದ ಆರನೇ ಕ್ಲಾಸಿನ ಹುಡುಗಿಯ ತಲೆ ಮೇಲೆ ಕೈಯಿಟ್ಟು 'ನೀನು ಆಗಲ್ಲ, ಆ ಕಡೆ ಇಳಿ' ಅನ್ನುತ್ತಾರೆ. ಗೆಳತಿಯರು ಸೀಟಿನಲ್ಲಿ ಕೂತಾಗಿದೆ. ಅವಳ ಅಪ್ಪ ಪ್ರವಾಸಕ್ಕೆಂದು ಎರಡು ಕಂತಿನಲ್ಲಿ ದುಡ್ಡು ಕಟ್ಟಿರುತ್ತಾನೆ. ಇದರಲ್ಲಿ ಉಳಿತಾಯವೂ ಇಲ್ಲ, ಲಾಭವೂ ಇಲ್ಲ, ಬರೀ ಅಸಡ್ಡೆ. ಆ ಕಂಬವನ್ನು ಕಿತ್ತು ಸಾಲಿನ ಬಾಯಿಗೆ ತರಲು ಕನ್ಸಲ್ಟೆಂಟ್ ಬೇಡ, ಬೋರ್ಡ್ ಮೀಟಿಂಗ್ ಬೇಡ. ಒಂದು ಸ್ಪ್ಯಾನರು, ಹೊರಲು ಇಬ್ಬರು, ಗೇಟು ತೆರೆಯುವ ಮುಂಚೆ ಹತ್ತು ನಿಮಿಷ.