ಬೇಡವೆಂದ ಚಿತ್ರಾನ್ನ

ಮಾಗಿಯ ಚಳಿಯಲ್ಲಿ ಮಾರುಕಟ್ಟೆಯವರೆಗೆ ನಡೆದುಹೋಗಿ, ನಮ್ಮ ಬೀದಿಗೆ ಬರುವ ಗಾಡಿಯವನಿಗಿಂತ ಕಿಲೋಗೆ 15 ರೂಪಾಯಿ ಕಡಿಮೆಗೆ 3 ಕಿಲೋ ಸೊಗಡಿನ ಅವರೆಕಾಯಿ ತಂದು ನಡುಮನೆಯಲ್ಲಿ ಸುರಿದೆ. ಎಂಬಿಎ ಓದುತ್ತಿರುವ ತಂಗಿಯ ಮಗ ಕಾಫಿ ಲೋಟದಿಂದ ಮುಖ ಎತ್ತದೆಯೇ, ‘45 ರೂಪಾಯಿ ಉಳಿಸಲು ಒಂದೂವರೆ ಗಂಟೆ ಕಳೆದಿರಲ್ಲ ಮಾವ, ಇದರ ಅವಕಾಶ ವೆಚ್ಚ ಎಷ್ಟಾಯಿತು ಗೊತ್ತೇ?’ ಎಂದು ಕೇಳಿದ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಮೇಲಾದುದರ ಬೆಲೆಗೆ ಅವನ ಪುಸ್ತಕಗಳಲ್ಲಿ ಆ ಹೆಸರು.

ನಿವೃತ್ತನಾದ ಮೇಲೆ ನನ್ನ ಗಂಟೆಯನ್ನು ಕೊಳ್ಳುತ್ತೇನೆಂದು ಯಾರೂ ಬಾಗಿಲು ತಟ್ಟಿಲ್ಲ. ಆ ಹೊತ್ತಿನಲ್ಲಿ ನಾನು ಹೊದ್ದು ಮಲಗಿರಬಹುದಿತ್ತು, ಅಷ್ಟೆ. ಹಾಗೆಂದರೆ ನಿದ್ದೆಗೂ ಬೆಲೆಯಿದೆ ಎನ್ನುತ್ತಾನೆ; ಅವನ ಶಾಸ್ತ್ರದಲ್ಲಿ ಸುಮ್ಮನೆ ಕೂರುವುದಕ್ಕೂ ಬಾಡಿಗೆ ಕಟ್ಟಬೇಕು. 1850ರಲ್ಲಿಯೇ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಬಾಸ್ತಿಯಾ, ಒಡೆದ ಕಿಟಕಿಗೆ 6 ಫ್ರಾಂಕ್ ಕೊಟ್ಟು ಹೊಸ ಗಾಜು ಹಾಕಿಸಿದ ಅಂಗಡಿಯವನ ಕತೆ ಹೇಳಿ, ಗಾಜಿನವನ ಸಂಪಾದನೆ ಎಲ್ಲರಿಗೂ ಕಾಣುತ್ತದೆ, ಅದೇ ಹಣದಲ್ಲಿ ಅಂಗಡಿಯವನು ಕೊಳ್ಳದೇ ಹೋದ ಬೂಟು ಯಾರಿಗೂ ಕಾಣುವುದಿಲ್ಲ ಎಂದು ತೋರಿಸಿದ್ದ. ನಮ್ಮ ದೊಡ್ಡಪ್ಪ ಬಾಸ್ತಿಯಾನನ್ನು ಓದಿದವರಲ್ಲ. ಅವರಿಗೆ ಬಾಳೆಲೆಯೇ ಸಾಕಾಗಿತ್ತು.

ಮದುವೆಮನೆಗೆ ಕಾಲಿಟ್ಟೊಡನೆ ದೊಡ್ಡಪ್ಪ, ವಧೂವರರನ್ನು ನೋಡುವುದಕ್ಕೂ ಮೊದಲು ಹಿಂದಿನ ಒಲೆಗಳ ಬಳಿಗೆ ಹೋಗಿ, ಅಡುಗೆಭಟ್ಟರ ಊರು ಕೇರಿ ವಿಚಾರಿಸುವ ನೆಪದಲ್ಲಿ ಅಂದಿನ ಭಕ್ಷ್ಯವೇನೆಂದು ತಿಳಿದುಕೊಂಡು ಬರುತ್ತಿದ್ದರು. ಹೋಳಿಗೆ ಎಂದು ಗೊತ್ತಾದರೆ ಮುಗಿಯಿತು, ಎಲೆಯ ಮುಂದೆ ಅವರದು ಕಟ್ಟುನಿಟ್ಟಿನ ವ್ರತ: ಕೋಸಂಬರಿ ನಾಲ್ಕು ಕಾಳು, ಪಲ್ಯ ಬೆರಳ ತುದಿಯಷ್ಟು, ತೊವ್ವೆಗೆ ಒಂದೇ ಹಿಡಿ ಅನ್ನ. ಒಂದು ಮದುವೆಯಲ್ಲಿ, ಮೊದಲ ಪಂಕ್ತಿಯಲ್ಲಿ ಅವಸರವಾಗಿ ಬಡಿಸುತ್ತಾರೆಂದು ಬೇಕೆಂದೇ ಮೂರನೆಯದಕ್ಕೆ ಕುಳಿತು, ಚಿತ್ರಾನ್ನ ಬಂದಾಗ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, ‘ಖಂಡಿತ ಬೇಡ’ ಎಂದರು. ಸಾರು ಬಂತು, ಹೋಯಿತು. ಹುಳಿ ಬಂತು, ಹೋಯಿತು. ಕೊನೆಗೆ ಕಾಣಿಸಿಕೊಂಡ ಹೋಳಿಗೆಯ ತಟ್ಟೆ ಅವರ ಎಲೆಗಿಂತ ಮೂರು ಎಲೆ ಆಚೆಯೇ ಬರಿದಾಯಿತು. ‘ಈಗ ತಂದೆ’ ಎಂದು ಓಡಿದ ಹುಡುಗ ಮಜ್ಜಿಗೆಯ ಬಕೆಟ್ಟಿನೊಂದಿಗೆ ಹಿಂತಿರುಗಿದ.

ಆಮೇಲೆ ಹೋಳಿಗೆಯ ಮಾತನ್ನು ದೊಡ್ಡಪ್ಪ ಒಮ್ಮೆಯೂ ಎತ್ತಲಿಲ್ಲ. ಬೇಡವೆಂದ ಚಿತ್ರಾನ್ನವನ್ನು ಮಾತ್ರ ಕೊನೆಯವರೆಗೂ ವರ್ಣಿಸುತ್ತಿದ್ದರು: ಮಾವಿನಕಾಯಿಯ ತುರಿ, ಕೆಂಪಗೆ ಹುರಿದ ಕಡಲೆಬೀಜ, ಪಕ್ಕದ ಎಲೆಯಿಂದ ತೇಲಿಬಂದ ಇಂಗಿನ ಘಮ. ವರ್ಷಗಳು ಕಳೆದಂತೆ ಅದಕ್ಕೆ ಗೋಡಂಬಿಯೂ ಸೇರಿಕೊಂಡಿತು.

ಕತೆ ಕೇಳಿದ ಅಳಿಯ, ‘ಇದು ಅವಕಾಶ ವೆಚ್ಚವಲ್ಲ ಮಾವ, ರಿಸ್ಕಿನ ಅಂದಾಜು ತಪ್ಪಿದ್ದು’ ಎಂದು ತಿದ್ದಿದ. ಹೀಗೆ ತಿದ್ದಿಸಿಕೊಳ್ಳುವುದಕ್ಕೆಂದೇ ನಾವು ಲಕ್ಷಗಟ್ಟಲೆ ಶುಲ್ಕ ಕಟ್ಟಿ ಮಕ್ಕಳನ್ನು ಓದಿಸುತ್ತೇವೆ. ಆ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಎಷ್ಟು ಬಡ್ಡಿ ಬರುತ್ತಿತ್ತು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ತಂಗಿ ಎದುರಿಗೇ ಇದ್ದುದರಿಂದ ನುಂಗಿಕೊಂಡೆ.

ಅವಳೂ ನನ್ನ ಹೆಂಡತಿಯೂ ಅಂದು ಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿದುಕಿ ಬೇಳೆ ತೆಗೆಯುತ್ತ ಸಂಜೆಯವರೆಗೂ ಕುಳಿತಿದ್ದರು. ಆ ಗಂಟೆಗಳ ಬೆಲೆಯನ್ನು ಅಳಿಯ ಕೇಳಲಿಲ್ಲ. ನಾನೂ ಕೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ರಾತ್ರಿ ಮುದ್ದೆಯ ಜೊತೆಗೆ ಹಿದುಕಿದ ಬೇಳೆಯ ಸಾರನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತ ಅವನು, ‘ನಾಳೆಯೂ ತನ್ನಿ ಮಾವ’ ಎಂದ.

‘ಗಾಡಿಯವನ ಹತ್ತಿರ ತರಲೋ, ಮಾರುಕಟ್ಟೆಯಿಂದ ತರಲೋ?’ ಎಂದೆ.

‘ಎಲ್ಲಿಂದಾದರೂ ತನ್ನಿ,’ ಎಂದಳು ನನ್ನ ಹೆಂಡತಿ ಒಳಗಿನಿಂದ, ‘ಹಿದುಕಿದ್ದನ್ನೇ ತನ್ನಿ.’