ನಾಲ್ಕು ಲಕ್ಷಕ್ಕೆ ಒಂದು ನಂಬಿಕಸ್ಥ ಕಾರು

ಹಳೇ ಕಾರು ಹುಡುಕುವುದು ಇಷ್ಟು ಕಷ್ಟ ಆಗಬಾರದು. ನನ್ನ ಬಜೆಟ್ ನಾಲ್ಕು ಲಕ್ಷ. ಅಪ್ಪ ಅಮ್ಮ ಹಿಂದೆ ಆರಾಮಾಗಿ ಕೂರಬೇಕು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹಿಡಿಸಬೇಕು, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಓಡಿಸೋಕೆ ಖುಷಿಯಾಗಬೇಕು. ಜಾಸ್ತಿ ಕೇಳ್ತಿಲ್ಲ ಅಲ್ವಾ?

ಖುಷಿ ಕೊಡುವ ಕಾರುಗಳ ತಯಾರಿಕೆಯೇ ನಿಂತುಹೋಗಿದೆ. ಫೋರ್ಡ್ ಫಿಗೋ 1.5 ಡೀಸೆಲ್‌ಗೆ 100 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿಯಷ್ಟೇ) ಶಕ್ತಿ, ಏರಿನಲ್ಲಿ ಉಸಿರು ಕಟ್ಟುವುದಿಲ್ಲ. ಆದರೆ ಭಾರತದಲ್ಲಿ ಇನ್ನು ಕಾರು ತಯಾರಿಸುವುದಿಲ್ಲ ಎಂದು ಫೋರ್ಡ್ 2021ರಲ್ಲಿ ಘೋಷಿಸಿಬಿಟ್ಟಿತು. ಫೋಕ್ಸ್‌ವ್ಯಾಗನ್ ಪೊಲೊ 2022ರಲ್ಲಿ ಹೋಯಿತು. ಅದರ ಟರ್ಬೊ ಪೆಟ್ರೋಲ್ ಮಾದರಿ ಜಿಟಿ ಟಿಎಸ್‌ಐ ನನಗೆ ತುಂಬಾ ಇಷ್ಟ, ಆದರೆ ಅದರ ಆಟೋಮ್ಯಾಟಿಕ್ ಡಿಎಸ್‌ಜಿ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿ ಖರ್ಚು ತಡೆಯೋಕಾಗಲ್ಲ. ಉಳಿದದ್ದು ಸ್ವಿಫ್ಟ್. ಎಲ್ಲರಿಗೂ ಅದೇ ಬೇಕು, ಹಾಗಾಗಿ ಬೆಲೆ ಇಳಿಯುವುದೇ ಇಲ್ಲ.

ಇದೆಲ್ಲ ಸಹಿಸಬಹುದು. ಓಡಿದ ಕಿಲೋಮೀಟರ್ ಕಡಿಮೆ ತೋರಿಸಲು ಮೀಟರ್ ತಿರುಗಿಸುವುದನ್ನು ಮಾತ್ರ ಸಹಿಸಲಾರೆ. ಹತ್ತು ವರ್ಷದ ಡೀಸೆಲ್ ಕಾರು, ಮೀಟರಿನಲ್ಲಿ 48 ಸಾವಿರ ಕಿಲೋಮೀಟರ್! ಕ್ಲಚ್ ಪೆಡಲ್ಲಿನ ರಬ್ಬರ್ ಪೂರ್ತಿ ಸವೆದಿದೆ, ಸ್ಟೇರಿಂಗ್ ನುಣ್ಣಗಾಗಿದೆ. ಸರ್ವಿಸ್ ದಾಖಲೆ ಕೇಳಿದರೆ 'ಕಳೆದುಹೋಗಿದೆ ಸಾರ್' ಅಂತಾರೆ. ಇದು ಬರೀ ದುಡ್ಡಿನ ಮೋಸ ಅಲ್ಲ. ಇಂಜಿನ್ನಿನ ಭಾಗಗಳು ಹೊಂದಿಕೊಂಡು ತಿರುಗುವಂತೆ ಮಾಡುವ ಟೈಮಿಂಗ್ ಬೆಲ್ಟನ್ನು ಬದಲಿಸುವುದು ಓಡಿದ ಕಿಲೋಮೀಟರ್ ನೋಡಿಕೊಂಡೇ. ಸುಳ್ಳು ಲೆಕ್ಕ ನಂಬಿ ಸುಮ್ನೆ ಬಿಟ್ಟರೆ, ಬೆಲ್ಟ್ ತುಂಡಾದ ದಿನ ಇಂಜಿನ್ನೇ ಹಾಳು. ಅದೂ ಘಾಟಿಯ ನಡುವೆ, ಮನೆಯವರೆಲ್ಲ ಒಳಗಿರುವಾಗ ಆದರೆ?

ಹೊರ ರಾಜ್ಯದಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತೀರಾ? ಇಲ್ಲಿ ನೋಂದಾಯಿಸಲು ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತದೆ.