ಮಂತ್ರಿಯಾಗಬೇಕೆ? ಮೊದಲು ರಾಜೀನಾಮೆ ಕೊಡಿ

ಗೆದ್ದ ಶಾಸಕರಿಗೆಲ್ಲ ಮಂತ್ರಿಗಿರಿ ಸಿಗುವುದಿಲ್ಲ. ಮಂತ್ರಿಗಳ ಸಂಖ್ಯೆ ಸದನದ ಶೇ 15 ದಾಟಬಾರದೆಂಬ ಮಿತಿಯಿಂದಾಗಿ 224 ಸ್ಥಾನಗಳ ನಮ್ಮ ಕರ್ನಾಟಕ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಗಷ್ಟೇ ಆ ಯೋಗ. 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಮಾಡಿದ ಅನ್ಯಾಯವಿದು. ಉಳಿದವರಿಗೆ ನಿಗಮ, ಮಂಡಳಿ. ಅಲ್ಲೂ ಕಾರು ಬರುತ್ತದೆ, ವರ್ಗಾವಣೆಯ ಫೈಲು ಬರುವುದಿಲ್ಲ. ಹಿರಿತನ, ಸದನದ ಹಾಜರಿ ಎಂದು ಕಾಯುವವರು ಕಾಯಲಿ. ಅವಸರದವರಿಗೆ, ಆಳುವ ಮೈತ್ರಿಕೂಟದ ಶಾಸಕರು ರಾಜೀನಾಮೆ ಕೊಟ್ಟು ಎದುರು ಪಕ್ಷಕ್ಕೆ ಹೋಗಿ 2019ರಲ್ಲಿ ತೆರೆದ ಹೆದ್ದಾರಿಯಿದೆ.

ಮೊದಲಿಗೆ ನಿಮಗೆ ನೋವಾಗಬೇಕು. ಕ್ಷೇತ್ರಕ್ಕೆ ಅನುದಾನ ಕೊಡಲಿಲ್ಲ ಎಂಬ ನೋವು ಎಲ್ಲ ಕಾಲಕ್ಕೂ ನಡೆಯುತ್ತದೆ. ಆದರೆ ಒಬ್ಬರೇ ನೊಂದರೆ ಯಾರೂ ಫೋನ್ ಮಾಡುವುದಿಲ್ಲ. ಸರ್ಕಾರದ ಬಹುಮತ ಕರಗುವಷ್ಟು ಮಂದಿ ಹೆಚ್ಚುಕಡಿಮೆ ಒಂದೇ ವಾರದಲ್ಲಿ ನೋಯಬೇಕು.

ನೊಂದ ಕೂಡಲೇ ಪಕ್ಷ ಬದಲಿಸಬೇಡಿ. 1985ರ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಕಾದು ಕೂತಿರುತ್ತದೆ. ವಿಲೀನ ಎನ್ನಲು ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಬೇಕು. ಅಷ್ಟು ಜನರ ನೋವಿಗೆ ರೆಸಾರ್ಟಿನಲ್ಲಿ ಕೋಣೆ ಸಾಲದು. ರಾಜೀನಾಮೆಯೇ ಸಲೀಸು. ಎದುರಿನವರಿಗೆ ನೀವು ಮತ ಹಾಕಬೇಕಿಲ್ಲ, ಸದನಕ್ಕೆ ಬಾರದಿದ್ದರೆ ಸಾಕು. 2018ರಲ್ಲಿ 104 ಶಾಸಕರಿದ್ದೂ ಮೂರೇ ದಿನಕ್ಕೆ ಕುರ್ಚಿ ಬಿಟ್ಟ ಬಿಜೆಪಿ, ಮರುವರ್ಷ ಜುಲೈ 23ರಂದು 105 ಮತಗಳಿಂದಲೇ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಉರುಳಿಸಿತು. ಎದುರಿಗಿದ್ದದ್ದು 99. ಗೈರುಹಾಜರಿಗೆ ಇಷ್ಟು ಬೆಲೆ ಬೇರಾವ ನೌಕರಿಯಲ್ಲೂ ಇಲ್ಲ.

ಕೆಲಸ ಕೆಡುವುದು ಪತ್ರದಲ್ಲಿ. ರಾಜೀನಾಮೆ ಸ್ವಇಚ್ಛೆಯದು, ನೈಜವಾದದ್ದು ಎಂದು ಸ್ಪೀಕರ್‌ಗೆ ಮನವರಿಕೆಯಾಗಬೇಕು ಎನ್ನುತ್ತದೆ 190ನೇ ವಿಧಿ. ಸ್ಪೀಕರ್ ಇಲ್ಲದ ಹೊತ್ತಿನಲ್ಲಿ ಕಚೇರಿಗೆ ಪತ್ರ ಕೊಟ್ಟು, ಮುಂಬೈ ವಿಮಾನ ಹತ್ತಿ, ಹೋಟೆಲಿನ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿಕೊಂಡರೆ ಸ್ವಇಚ್ಛೆ ಕೊಂಚ ಮಸುಕಾಗಿ ಕಾಣುತ್ತದೆ. ಆಗ ಕೆಲವರ ಪತ್ರ ನಮೂನೆಯಲ್ಲೇ ಇರಲಿಲ್ಲ. ಕೊನೆಗೆ ಸಂಜೆ ಆರರೊಳಗೆ ಸ್ಪೀಕರ್ ಮುಂದೆ ಹಾಜರಾಗಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಾಲ್ಕು ಸಾಲಿನ ಪತ್ರ ಸ್ವಾಮಿ, ಒಬ್ಬ ಗುಮಾಸ್ತನಿಗೆ ತೋರಿಸಿದ್ದರೆ ಆಗುತ್ತಿತ್ತು.

ಅನರ್ಹರಾದರೆ ಗಾಬರಿ ಬೇಡ. ಸ್ಪೀಕರ್ ಹೊರಡಿಸಿದ 17 ಮಂದಿಯ ಅನರ್ಹತೆಯ ಆದೇಶವನ್ನು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಎತ್ತಿಹಿಡಿಯಿತು, ಸ್ಪರ್ಧಿಸಲು ಮಾತ್ರ ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ. ನಿಮ್ಮ ಕೈಯಿಂದ 10,000 ರೂಪಾಯಿ ಠೇವಣಿ, ಚುನಾವಣೆ ನಡೆಸುವ ಖರ್ಚು ಬೊಕ್ಕಸದ್ದು. ಕಷ್ಟವಿರುವುದು ಕಾರ್ಯಕರ್ತರದು: ಕಳೆದ ಸಲ ಯಾರ ಮೇಲೆ ಕೇಸು ಹಾಕಿಸಿದ್ದರೋ ಅವರ ಜೊತೆಗೇ ಕರಪತ್ರ ಹಂಚಬೇಕು. ನಿಮ್ಮೆದುರು ಸೋತಿದ್ದ ಆ ಪಕ್ಷದ ಹಳೆಯ ಅಭ್ಯರ್ಥಿ ಮುನಿಸಿಕೊಳ್ಳುತ್ತಾರೆ. ನಿಗಮ ಇರುವುದು ಅದಕ್ಕೇ.

ಅನರ್ಹರಲ್ಲಿ 11 ಮಂದಿ ಗೆದ್ದರು. 2020ರ ಫೆಬ್ರುವರಿ 6ರಂದು 10 ಮಂದಿ ಮಂತ್ರಿಗಳಾದರು. ಹನ್ನೊಂದನೆಯವರ ನೋವನ್ನು ಅಳೆಯುವ ಕಾಯ್ದೆ ಇನ್ನೂ ಬಂದಿಲ್ಲ.

ಸೋತವರಿಗೆ ವಿಧಾನ ಪರಿಷತ್ತಿದೆ. ಆದರೆ ಬಾಗಿಲು ನೋಡಿ ಒಳಗೆ ಹೋಗಿ. ಸೋತಿದ್ದ ಇಬ್ಬರೂ ಪರಿಷತ್ತಿಗೆ ಬಂದರು. ಚುನಾಯಿತರಾಗಿ ಬಂದವರು ಮಂತ್ರಿಯಾದರು. ನಾಮನಿರ್ದೇಶನಗೊಂಡು ಬಂದವರಿಗೆ ಹೈಕೋರ್ಟ್, ಅನರ್ಹರನ್ನು ಮಂತ್ರಿಗಿರಿಯಿಂದ ದೂರವಿಡುವ 164(1ಬಿ) ವಿಧಿ ತೋರಿಸಿ, ಅನರ್ಹತೆ ಕಳೆದಿಲ್ಲ ಎಂದಿತು. ಆದ್ದರಿಂದ ಯಾರಾದರೂ ‘ಮೇಲ್ಮನೆಗೆ ಕಳಿಸುತ್ತೇವೆ ಬನ್ನಿ’ ಎಂದರೆ, ಹಾರಕ್ಕೆ ಕೊರಳು ಕೊಡುವ ಮುಂಚೆ ಯಾವ ಕೋಟಾ ಎಂದು ಕೇಳಿಕೊಳ್ಳಿ.